ಅಂಟಿಸಿದ ಮೂಲೆ

ಬೆಟಗೇರಿಯಲ್ಲಿ ನಮ್ಮ ಓಣಿಯ ಕೊನೆಯ ಮನೆಯ ಹುಡುಗಿ ಶಿಲ್ಪಾಗೆ ಜೈಲಿನಲ್ಲಿ ವಾರ್ಡರ್ ನೌಕರಿ ಸಿಕ್ಕಿದೆ. ಆದೇಶ ಕೈಗೆ ಬಂದ ದಿನವೇ ಪೇಢೆಯ ಪೊಟ್ಟಣ ಹಿಡಿದು ಬಂದಳು. "ಕಾಕಾ, ನೀವು ಇಡೀ ಜನ್ಮ ಅಲ್ಲೇ ಕಳದ್ರೆಲ್ಲ, ಅಲ್ಲಿ ಖರೇನ ಏನ್ ಮಾಡಬೇಕಾಗತೈತ್ರಿ? ಬಡಿಗಿ ಹಿಡ್ಕೊಂಡು ನಿಂದರೂದ ಏನು?" ಎಂದು ಕೇಳಿದಳು. ನನಗೆ ನಗು ಬಂತು. ನಾನು ಬಡಿಗೆ ಹಿಡಿದದ್ದು ಮೊದಲ ಎರಡು ವರ್ಷ ಮಾತ್ರ. ಉಳಿದ ವರ್ಷಗಳೆಲ್ಲ ಅಂಟಿನ ಬಟ್ಟಲು, ಕತ್ತರಿ, ಮುದ್ರೆ ಮತ್ತು ಬೇರೆಯವರ ಕಾಗದಗಳ ಜೊತೆ ಹೋದವು. ಅದನ್ನು ಅವಳಿಗೆ ಆವತ್ತು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿ ಇಲ್ಲ; ನನಗೇ ಸರಿಯಾಗಿ ನೆನಪಿಲ್ಲ. ಜೈಲು ಯಾವ ಊರಿನದು ಎಂದೂ ಹೇಳುವುದಿಲ್ಲ. ಗದಗಿನಲ್ಲಿ ಬೆಳಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮುಟ್ಟುವ ಊರು ಎಂದು ತಿಳಿದುಕೊಂಡರೆ ಸಾಕು.

ಜೈಲಿನ ಒಳಗೆ ಹೋಗುವ ಪ್ರತಿ ಕಾಗದವನ್ನೂ ಹೊರಗೆ ಹೋಗುವ ಪ್ರತಿ ಕಾಗದವನ್ನೂ ಯಾರಾದರೂ ಒಬ್ಬರು ಓದಬೇಕು. ಓದಿ, ಆಕ್ಷೇಪ ಇಲ್ಲವೆಂದು ಮುದ್ರೆ ಒತ್ತಬೇಕು. ಆ ಒಬ್ಬ ನಾನಾಗಿದ್ದೆ. ದೊಡ್ಡ ಬಾಗಿಲ ಪಕ್ಕದ ಸಣ್ಣ ಕೋಣೆಗೆ ಟಪಾಲು ಕೋಣೆ ಎನ್ನುತ್ತಿದ್ದರು. ಒಂದು ಮೇಜು, ಒಂದು ಕಿಟಕಿ, ಕಿಟಕಿಗೆ ಸರಳು. ಮಧ್ಯಾಹ್ನ ಊಟವಾದ ಮೇಲೆ ಬಿಸಿಲು ಸರಳಿನ ನೆರಳನ್ನು ಮೇಜಿನ ಮೇಲೆ ಹಾಸುತ್ತಿತ್ತು. ಕೈದಿಗಳೆಲ್ಲ ಬ್ಯಾರಕ್ಕಿನೊಳಗೆ ಮಲಗಿರುತ್ತಿದ್ದರು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಅಂಥ ಹೊತ್ತಿನಲ್ಲಿ ಕಾಗದ ಓದುತ್ತ ಕೂತರೆ ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ.

ಕಾಗದಗಳಿಗೆ ವಾಸನೆ ಇರುತ್ತದೆ, ಶಿಲ್ಪಾ. ಮುಂಡರಗಿ ಕಡೆಯ ಒಂದು ಮನೆಯಿಂದ ಬರುವ ಕಾಗದಕ್ಕೆ ಶೇಂಗಾ ಎಣ್ಣೆಯ ವಾಸನೆ ಇರುತ್ತಿತ್ತು. ಮುಳಗುಂದದ ಒಬ್ಬ ಅಜ್ಜನ ಕಾಗದ ಬಿಚ್ಚಿದರೆ ತಂಬಾಕಿನ ಪುಡಿ ಉದುರುತ್ತಿತ್ತು. ಕೆಲವು ಕಾಗದಗಳ ಮಡಿಕೆಯಲ್ಲಿ ನಮ್ಮ ಎರಿ ಹೊಲದ ಕಪ್ಪು ಮಣ್ಣು ಗೆರೆಯಾಗಿ ಕೂತಿರುತ್ತಿತ್ತು. ಓದುತ್ತ ಓದುತ್ತ ನಾನು ಆ ಮನೆಗಳೊಳಗೆ ಹೋಗಿಬಿಡುತ್ತಿದ್ದೆ. ಯಾರ ಮನೆಯ ಎಮ್ಮೆ ಒದೆಯುತ್ತದೆ, ಯಾರ ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದೆ, ಎಲ್ಲ ನನಗೆ ಗೊತ್ತಿತ್ತು. ರಜೆಯಲ್ಲಿ ಮನೆಗೆ ಬಂದಾಗ ನನ್ನ ಹೆಂಡತಿ, "ಯಾರ ಮನ್ಯಾಗ ಅದೀರಿ ಈಗ? ನಮ್ಮ ಮನೀಗೆ ಬರ್ರಿ, ರೊಟ್ಟಿ ಆರಾಕತ್ತಾವು" ಎಂದು ಚೇಷ್ಟೆ ಮಾಡುತ್ತಿದ್ದಳು.

ನನಗೆ ಈ ಕೆಲಸ ಕಲಿಸಿದವರು ಹುಸೇನಸಾಬರು ಎಂಬ ಹಿರಿಯ ವಾರ್ಡರ್. ಶಿರಹಟ್ಟಿಯವರು. ಮೊದಲ ದಿನ ನಾನು ಒಂದು ಲಕೋಟೆಯನ್ನು ಪರ್ರನೆ ಹರಿದೆ. ಅವರು ನನ್ನ ಕೈ ಹಿಡಿದರು.

"ಲೇ ಫಕ್ಕೀರಾ, ಹರಿಯಾಕ ಯಾರಿಗಿ ಬರೂದಿಲ್ಲ? ಬಿಚ್ಚೂದು ಕಲಿ. ಟಪಾಲಿನಾಗ ಹರದು ಬಂದದ್ದನ್ನೂ ಜೋಡಿಸಿ ಕೊಡಬೇಕು. ಮೊದಲ ಹರಕ ಜೀವ ಅವು ಒಳಗಿನ್ವು. ಅದರಾಗ ಹರಕ ಕಾಗದ ಬ್ಯಾರೆ ಕೊಡ್ತಿಯೇನು?"

ಒದ್ದೆ ಅರಿವೆಯಿಂದ ಅಂಟು ನೆನೆಸಿ ಲಕೋಟೆ ಬಿಚ್ಚುವುದು, ಮೈದಾ ಹಿಟ್ಟು ಕುದಿಸಿ ಅಂಟು ಮಾಡುವುದು, ಗಾಳಿಪಟದ ತೆಳ್ಳನೆಯ ಕಾಗದದಿಂದ ಹರಿದಲ್ಲಿ ತೇಪೆ ಹಚ್ಚುವುದು, ಇದೆಲ್ಲ ಅವರಿಂದ ಕಲಿತದ್ದು. ಅವರು ನಿವೃತ್ತರಾದ ಮೇಲೆ ಈ ವಿದ್ಯೆಯಲ್ಲಿ ನಾನು ಅವರನ್ನೂ ಮೀರಿಸಿದೆ ಎಂಬ ಜಂಬ ನನಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಜಂಬವೇ ಬಂದಿತ್ತು.

ಪುಸ್ತಕಗಳದ್ದು ಇನ್ನೊಂದು ಕಥೆ. ಗಟ್ಟಿ ರಟ್ಟಿನ ಪುಸ್ತಕ ಒಳಗೆ ಹೋಗುವ ಹಾಗಿರಲಿಲ್ಲ. ರಟ್ಟಿನೊಳಗೆ ಬ್ಲೇಡು ಅಡಗಿಸಿ ಕಳಿಸಿದವರು ಹಿಂದೆ ಯಾರೋ ಇದ್ದರಂತೆ. ಹೀಗಾಗಿ ರಟ್ಟು ಕಿತ್ತು, ಪಿನ್ನು ತೆಗೆದು, ದಾರದಿಂದ ಹೊಲಿದು ಒಳಗೆ ಕಳಿಸುತ್ತಿದ್ದೆ. ರಟ್ಟುಗಳು ನನ್ನ ಕೋಣೆಯ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಬೆಳೆದವು. ಪುಸ್ತಕದ ಹೆಸರು ರಟ್ಟಿನ ಮೇಲೆ ತಾನೆ? ಹಾಗಾಗಿ ಒಳಗಿನವರ ಹತ್ತಿರ ಕಥೆ ಇರುತ್ತಿತ್ತು, ನನ್ನ ಹತ್ತಿರ ಹೆಸರು ಇರುತ್ತಿತ್ತು. "ಸಾಹೇಬ್ರ, ಸವತಿ ಮಕ್ಕಳು ಬಾವ್ಯಾಗ ಬೀಳೂ ಪುಸ್ತಕದ ಹೆಸರೇನ್ರಿ?" ಎಂದು ಕಿಟಕಿಯ ಹತ್ತಿರ ಬಂದು ಕೇಳುತ್ತಿದ್ದರು. ನಾನು ರಟ್ಟಿನ ರಾಶಿ ಹುಡುಕಿ ಯಾವುದೋ ಒಂದು ಹೆಸರು ಹೇಳುತ್ತಿದ್ದೆ. ಎಷ್ಟು ಪುಸ್ತಕಗಳಿಗೆ ತಪ್ಪು ಹೆಸರಿಟ್ಟೆನೋ ದೇವರೇ ಬಲ್ಲ.

ಲಕ್ಷ್ಮೇಶ್ವರದ ಒಬ್ಬ ಹೆಂಗಸು ಮಹಿಳಾ ಬ್ಯಾರಕ್ಕಿನಲ್ಲಿದ್ದಳು. ಅವಳ ತಂಗಿಯಿಂದ ಒಂದು ದಿನ ಒಂದು ಹಾಳೆ ಬಂತು. ಅಕ್ಷರವೇ ಇಲ್ಲ, ಬರೀ ಚುಕ್ಕಿ. ಚುಕ್ಕಿಗಳ ನಡುವೆ ಬಳ್ಳಿಯಂತೆ ಗೆರೆ, ಬದಿಗೆ "ಹದಿನೈದು, ಎಂಟಕ್ಕೆ ನಿಲ್ಲಿಸು" ಎಂದು ಬರವಣಿಗೆ. ಇದು ಜೈಲಿನ ನಕ್ಷೆ, ಹದಿನೈದನೇ ಕಂಬ, ಎಂಟು ಗಂಟೆಗೆ ಗಾಡಿ ನಿಲ್ಲಿಸು ಎಂದೇ ಅರ್ಥಮಾಡಿಕೊಂಡು ಅಧೀಕ್ಷಕರ ಮುಂದೆ ಓಡಿದೆ. ಅವರೂ ಮುಖ ಗಂಭೀರ ಮಾಡಿಕೊಂಡು ಹಾಳೆಯನ್ನು ಮನೆಗೆ ಒಯ್ದರು. ಮರುದಿನ ಬೆಳಗ್ಗೆ ನೋಡಿದರೆ ಅವರ ಮನೆಯ ಮುಂದೆ ಅದೇ ನಕ್ಷೆ, ಬಣ್ಣ ತುಂಬಿದ ರಂಗೋಲಿ! ಹದಿನೈದು ಚುಕ್ಕಿಯಿಂದ ಶುರುಮಾಡಿ ಎಂಟಕ್ಕೆ ನಿಲ್ಲಿಸುವ ರಂಗೋಲಿ. ಸಾಹೇಬರು ಒಂದು ವಾರ ನನ್ನನ್ನು ಕಂಡಾಗಲೆಲ್ಲ, "ಏನ್ ಫಕ್ಕೀರಪ್ಪ, ಕೈದಿ ಓಡಿ ಹೋದ್ಲೇನು?" ಎಂದು ಕೇಳುತ್ತಿದ್ದರು.

ಇನ್ನೊಂದು ಸಲ ಆದ ತಪ್ಪು ನಗುವಂಥದ್ದಲ್ಲ. ಒಬ್ಬ ಕೈದಿಗೆ ಅವನ ಅಣ್ಣ ವಾರಪತ್ರಿಕೆ ಕಳಿಸುತ್ತಿದ್ದ. ಅದರ ಪದಬಂಧದಲ್ಲಿ ಅರ್ಧ ಮನೆಗಳನ್ನು ಪೆನ್ಸಿಲಿನಿಂದ ತುಂಬಿರುತ್ತಿದ್ದ. ಪತ್ರಿಕೆಯಲ್ಲಿ ಕೈಬರಹ ಇರಕೂಡದೆಂದು ನಿಯಮ. ನಾನು ರಬ್ಬರು ಹಿಡಿದು ಒಂದೊಂದೇ ಅಕ್ಷರ ಸ್ವಚ್ಛ ಅಳಿಸಿ ಒಳಗೆ ಕೊಡುತ್ತಿದ್ದೆ. ಬಹಳ ತಿಂಗಳ ಮೇಲೆ ಆ ಕೈದಿ ಅಣ್ಣನಿಗೆ ಬರೆದದ್ದನ್ನು ಓದಿದೆ: "ಮೊದಲೆಲ್ಲ ಮನೆಯಲ್ಲಿ ಅರ್ಧ ನೀನು, ಅರ್ಧ ನಾನು ತುಂಬುತ್ತಿದ್ದೆವು. ಈಗ ನೀನು ನನ್ನನ್ನು ಬಿಟ್ಟೇಬಿಟ್ಟೆ." ಆ ಕಾಗದದ ಮೇಲೆ ಮುದ್ರೆ ಒತ್ತುವಾಗ ನನಗೆ ನಾಚಿಕೆಯಾಯಿತು. ಆಮೇಲೆ ರಬ್ಬರನ್ನು ಡ್ರಾದೊಳಗೆ ಹಾಕಿದೆ. ಆದರೆ ಅಂಟಿನ ಬಟ್ಟಲು ಮೇಜಿನ ಮೇಲೆಯೇ ಉಳಿಯಿತು. ನನ್ನ ಕೈ ಸುಮ್ಮನಿರುವ ಕೈಯಲ್ಲ.

ಈಗ ಜೈಲಿನಲ್ಲಿ ಫೋನಿನ ಗೂಡು ಬಂದಿದೆ. ಪರದೆಯ ಮೇಲೆ ಮುಖ ನೋಡಿ ಮಾತಾಡುವ ವ್ಯವಸ್ಥೆಯೂ ಬಂದಿದೆ. ನಾನು ನಿವೃತ್ತನಾಗುವ ಹೊತ್ತಿಗೆ ದಿನಕ್ಕೆ ಒಂದು ಕಾಗದ ಬಂದರೆ ಹೆಚ್ಚು. ಈಗ ನಾನು ಹೇಳಹೊರಟದ್ದು ಅದಕ್ಕೂ ಹಿಂದಿನ ಮಾತು. ಆಗ ಕಾಗದವೊಂದೇ ದಾರಿ.

ಹೊಂಬಳದ ಶೇಖಪ್ಪ ಒಳಗೆ ಬಂದಾಗ ಅವನಿಗೆ ಮೂವತ್ತೈದು ಇರಬಹುದು. ಬದುವಿನ ಜಗಳದಲ್ಲಿ ಗುದ್ದಲಿಯ ಕಾವಿನಿಂದ ದಾಯಾದಿಯ ತಲೆಗೆ ಹೊಡೆದಿದ್ದ, ಅವನು ಉಳಿಯಲಿಲ್ಲ. ನಾನು ಬೆಟಗೇರಿಯವನೆಂದು ಗೊತ್ತಾದ ದಿನ ಕಿಟಕಿಗೆ ಬಂದು ಸರಳು ಹಿಡಿದು ನಿಂತ.

"ಸಾಹೇಬ್ರ, ನಮ್ಮ ಕಡೆಯವ್ರ ಅಂತ ಕೇಳಾಕತ್ತೀನ್ರಿ. ಹೆಂಡತಿಗೆ ಇಲ್ಲಿ ಬರಬ್ಯಾಡ ಅಂತ ಆಣಿ ಹಾಕಿ ಬಂದೀನಿ. ಆಕಿ ಜೈಲಿನ ಬಾಗಲಾ ನೋಡಬಾರದು. ಆದ್ರ ನಮ್ಮವ್ವ ಮುದಿಕ್ಯಾಗ್ಯಾಳ್ರಿ. ಆಕಿಗೇನರ ಆದ್ರ ಮಣ್ಣಿಗಿ ಮುಟ್ಟೂದು ಆಗಲಿಕ್ಕಿಲ್ಲ, ದೂರದ ದಾರಿ. ದಿವಸದ ಕಾರ್ಯಕ್ಕರ ಹೋಗಿ ಆಕಿ ಕುಣಿ ಮ್ಯಾಲೆ ಒಂದ್ ಹಿಡಿ ಮಣ್ಣ ಹಾಕಿ ಬರಬೇಕ್ರಿ. ಬಿಡ್ತಾರಿಲ್ಲೋ?"

ತಂದೆತಾಯಿ ತೀರಿದರೆ ಪೊಲೀಸ್ ಕಾವಲಿನಲ್ಲಿ ಎರಡು ದಿನ ಕಳಿಸುವ ದಾರಿ ಇತ್ತು. ಸುದ್ದಿ ಕೂಡಲೇ ತಲುಪಬೇಕು, ಅರ್ಜಿ ಕೂಡಲೇ ಹೋಗಬೇಕು, ಅಷ್ಟೆ.

"ಬಿಡ್ತಾರ. ಖಬರ ಬಂದ ತಾಸಿನಾಗ ನಾನ ಬಂದು ನಿನ್ನ ಮುಂದ ನಿಂದರ್ತೀನಿ. ಬೇಫಿಕೀರ ಇರು" ಎಂದೆ. ಅವನು ಎರಡೂ ಕೈ ಎತ್ತಿ ಮುಗಿದು ಹೋದ.

ಅವನಿಗೆ ಕಾಗದ ಬರೆಯುವವಳು ಹೆಂಡತಿ ನೀಲವ್ವ ಒಬ್ಬಳೇ, ಬೇರೆ ಯಾರೂ ನೋಡಲೂ ಬರುತ್ತಿರಲಿಲ್ಲ. ಅವಳು ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಊರಿನ ಸಂಜೆ ಶಾಲೆಯಲ್ಲಿ. ಕಾರ್ಡಿನಲ್ಲಿ ಒಂದೊಂದು ಅಕ್ಷರ ಕಡಲೆಕಾಳಿನಷ್ಟು ದೊಡ್ಡದು. ಐದಾರು ಸಾಲು ಬರೆಯುವುದರೊಳಗೆ ಜಾಗ ಮುಗಿಯುತ್ತಿತ್ತು. ಮೊದಲ ಸಾಲು ಯಾವಾಗಲೂ ಒಂದೇ: "ಅತ್ತಿ ಆರಾಮ ಅದಾರ." ಶೇಖಪ್ಪನ ಉತ್ತರ ಮಾತ್ರ ಇಂಚಿಂಚು ತುಂಬಿರುತ್ತಿತ್ತು. "ಅವ್ವ ಪಡಸಾಲಿ ಕಂಬಕ್ಕ ಆತು ಕುಂಡ್ರತಾಳು, ಆ ಕಂಬದಾಗ ಮೊಳಿ ಎದ್ದೈತಿ, ಬಡಿಸು. ಅವ್ವಗ ಗುಳಿಗಿ ನುಂಗೂವಾಗ ಬೆಲ್ಲ ಕೊಡು. ನುಗ್ಗಿಗಿಡದ ಬುಡಕ್ಕ ಜಾರತೈತಿ, ಅವ್ವನ್ನ ಆ ಕಡೆ ಬಿಡಬ್ಯಾಡ." ಹೀಗೆ ಓದಿ ಓದಿ ಆ ಮುದುಕಿ ನನಗೆ ಸ್ವಂತ ಸೋದರತ್ತೆಯಂತೆ ಆಗಿಬಿಟ್ಟಳು. ಮಧ್ಯಾಹ್ನದ ಜೊಂಪಿನಲ್ಲಿ ನಾನು ಆ ಪಡಸಾಲೆಗೆ ಹೋಗುತ್ತಿದ್ದೆ. ಎಡಕ್ಕೆ ನುಗ್ಗೆಗಿಡ, ಬಲಕ್ಕೆ ಎಮ್ಮೆ. ಅವಳು ಕಂಬಕ್ಕೆ ಒರಗಿ ಕೂತು, ಬಾಯಲ್ಲಿ ಬೆಲ್ಲ ಇಟ್ಟುಕೊಂಡು, ನನ್ನನ್ನು ನೋಡಿ ಗುರುತು ಹಿಡಿಯದೆ ಕಣ್ಣು ಕಿರಿದು ಮಾಡುತ್ತಿದ್ದಳು.

ಎರಡನೆಯ ವರ್ಷದ ಮುಂಗಾರಿನಲ್ಲಿ ಒಂದು ಕಾರ್ಡು ಬಂತು. ಬಲಗಡೆಯ ಮೇಲಿನ ಮೂಲೆ ಹರಿದಿತ್ತು. ಟಪಾಲು ಚೀಲದಲ್ಲಿ ಹರಿದಿರಬೇಕು ಎಂದುಕೊಂಡೆ. ಅಂಥವು ವಾರಕ್ಕೆ ಹತ್ತು ಬರುತ್ತಿದ್ದವು. ಹಾಳಾದ ಒಂದು ಹಳೆಯ ಕಾರ್ಡಿನಿಂದ ಅದೇ ಬಣ್ಣದ ಮುಕ್ಕೋಣದ ತುಂಡು ಕತ್ತರಿಸಿ, ಅಂಚು ತೆಳ್ಳಗೆ ಉಜ್ಜಿ, ಅಂಟು ಹಚ್ಚಿ, ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ಒಣಗಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚಂದ ತೇಪೆ ಹಚ್ಚಿದ್ದು ಅದೊಂದೇ. ಬ್ಯಾರಕ್ಕಿಗೆ ನಾನೇ ಒಯ್ದು ಕೊಟ್ಟೆ.

"ನೋಡು, ಹರಕ ಎಲ್ಲಿತ್ತಂತ ಗೊತ್ತಾಗತೈತೇನು?"

ಶೇಖಪ್ಪ ಬೆಳಕಿಗೆ ಹಿಡಿದು ನೋಡಿದ. "ಇಲ್ರಿ ಸಾಹೇಬ್ರ. ನಿಮ್ಮ ಕೈ ಅಂದ್ರ ಕೈ" ಎಂದ. ಆಮೇಲೆ ಓದಿದ. "ಮಳಿ ಆತು. ಹತ್ತಿ ಬಿತ್ತೀವಿ. ನಾವು ಅದೀವಿ. ಬಿಟ್ರ ಬರ್ರಿ." ಅಷ್ಟೇ ಇತ್ತು. ಅವನು ಜೋರಾಗಿ ನಕ್ಕ.

"ಬಿಟ್ರ ಬರ್ರಿ ಅಂತ ನೋಡ್ರಿ! ನಾ ಏನು ಬೀಗರ ಮನ್ಯಾಗ ಉಣ್ಣಾಕ ಕುಂತೀನಂತ ತಿಳದಾಳು ಹುಚ್ಚಿ!"

ನಾನೂ ನಕ್ಕೆ. ಓದುವುದೇ ನನ್ನ ಕೆಲಸ. ಆದರೂ ಆ ಕಾರ್ಡಿನಲ್ಲಿ ಮೊದಲ ಸಾಲು ಇಲ್ಲದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಶೇಖಪ್ಪ ಎಂದಿನಂತೆ ಉತ್ತರ ಬರೆದ. ಹತ್ತಿಗೆ ಗೊಬ್ಬರ ಹಾಕು, ಅವ್ವಗ ಬೆಲ್ಲ ಕೊಡು. ಎರಡು ತಿಂಗಳು ಹೊಂಬಳದಿಂದ ಏನೂ ಬರಲಿಲ್ಲ. ಆಮೇಲೆ ಬಂದ ಕಾರ್ಡಿನಲ್ಲಿ ಮೊದಲ ಸಾಲು ಮತ್ತೆ ಇತ್ತು: "ಅತ್ತಿ ಆರಾಮ ಅದಾರ." ಅಲ್ಲಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಗದಗಳು ಹೀಗೆಯೇ ಬಂದವು, ಹೀಗೆಯೇ ಹೋದವು. ನಾನು ಎಲ್ಲವನ್ನೂ ಓದಿದೆ, ಎಲ್ಲದಕ್ಕೂ ಮುದ್ರೆ ಒತ್ತಿದೆ, ಮಧ್ಯಾಹ್ನ ಆ ಪಡಸಾಲೆಗೆ ಹೋಗಿ ಬಂದೆ.

ಮರುವರ್ಷದ ದೀಪಾವಳಿಗೆ ರಜೆ ಹಾಕಿ ಮನೆಗೆ ಬಂದಿದ್ದೆ. ಏನೋ ಹುಕಿ ಬಂತು. ಕೈದಿಯ ಮನೆಗೆ ಹೀಗೆ ಹೋಗುವುದು ನಿಯಮಕ್ಕೆ ವಿರುದ್ಧ, ಶಿಲ್ಪಾ. ನೀನು ಹೋಗಬೇಡ. ನಾನು ಹೋದೆ. ಗದಗಿನ ನಿಲ್ದಾಣದಲ್ಲಿ ಹೊಂಬಳದ ಬಸ್ಸು ಹತ್ತಿದೆ. ಜೋಳ ಮೊಣಕಾಲುದ್ದ ಬೆಳೆದಿತ್ತು. ಇಳಿದು ಯಾರನ್ನೂ ಕೇಳಲಿಲ್ಲ. ಮೊದಲೇ ಓಡಾಡಿದ ಊರಿನಂತೆ ಕಾಲು ತಾನೇ ನಡೆಯಿತು. ಓಣಿ, ಬಾವಿ, ಮೂರನೆಯ ಮನೆ. ನುಗ್ಗೆಗಿಡ ಮಾತ್ರ ಬಲಕ್ಕಿತ್ತು. ಇಷ್ಟು ವರ್ಷ ನಾನು ಆ ಮನೆಯನ್ನು ತಿರುವುಮುರುವು ಕಟ್ಟಿಕೊಂಡಿದ್ದೆ. ಕಂಬದಲ್ಲಿ ಮೊಳೆ ಬಡಿದದ್ದು ಕಂಡಿತು. ಕಂಬದ ಬುಡದಲ್ಲಿ ಯಾರೂ ಇರಲಿಲ್ಲ.

ಒಳಗಿನಿಂದ ಬಂದ ಹೆಂಗಸು ಸೆರಗು ಸರಿಮಾಡಿಕೊಂಡು ನಿಂತಳು. ನಾನು ಯಾರೆಂದು ಹೇಳಿದೆ. ನೀಲವ್ವನ ಮುಖ ಬಿಳಿಚಿತು.

"ಅವರಿಗೇನರ ಆತೇನ್ರಿ ಅಣ್ಣಾರ?"

"ಇಲ್ಲವ್ವ, ಶೇಖಪ್ಪ ಕಲ್ಲುಗುಂಡ ಆಗ್ಯಾನ. ಸುಮ್ನ ಈ ಕಡೆ ಬಂದಿದ್ದೆ. ಅಜ್ಜಿ ಎಲ್ಲಿ? ಹೊಲಕ್ಕ ಹೋಗ್ಯಾರೇನು?"

ಅವಳು ನನ್ನನ್ನೇ ನೋಡಿದಳು. "ಅತ್ತಿ ತೀರಿಕೊಂಡು ಒಂದೂವರಿ ವರ್ಷ ಆತಲ್ರಿ. ಮೂಲಿ ಹರದ ಕಾರ್ಡ ಹಾಕಿದ್ನೆಲ್ರಿ ನಾನು."

ನಾನು ಕಟ್ಟೆಯ ಮೇಲೆ ಕೂತೆ.

ನಮ್ಮ ಕಡೆ ಸಾವಿನ ಸುದ್ದಿಯ ಕಾಗದದ ಮೂಲೆ ಹರಿದು ಕಳಿಸುತ್ತಾರೆ. ಒಳಗೆ ಸಾವಿನ ಮಾತು ಬರೆಯದಿದ್ದರೂ ನಡೆಯುತ್ತದೆ. ಮೂಲೆ ಹರಿದದ್ದು ಕಂಡರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತದೆ. ಓದಿ ಮುಗಿಸಿದ ಮೇಲೆ ಆ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹರಿದು ಹಾಕುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ಅಪ್ಪ ಅಂಥ ಕಾಗದ ಹಿಡಿದು ಬಾಗಿಲಲ್ಲೇ ಕುಸಿದದ್ದನ್ನು ನಾನೇ ಕಂಡಿದ್ದೇನೆ. ಆದರೆ ಟಪಾಲು ಕೋಣೆಯಲ್ಲಿ ಕೂತ ಮೇಲೆ ಹರಿದದ್ದೆಂದರೆ ಅಂಟಿಸುವುದು ಎಂದಷ್ಟೇ ನನ್ನ ಕೈಗೆ ಗೊತ್ತಿತ್ತು.

"ಸತ್ರು ಅಂತ ಬರ್ಯಾಕ ಕೈ ಏಳಲಿಲ್ರಿ ಅಣ್ಣಾರ" ಎಂದಳು ನೀಲವ್ವ. "ಮೂಲಿ ಹರದೆ. ದಿವಸದ ತನಕ ದಾರಿ ಕಾದೆ. ಆಮ್ಯಾಲೆ ಇವರ ಕಾಗದ ಬಂತು, ಅವ್ವಗ ಬೆಲ್ಲ ಕೊಡು ಅಂತ. ಸಂಕಟ ತಡಿಯಲಾರದ ಹಿಂಗ ಬರದಾರ, ಅವ್ವ ಇಲ್ಲ ಅಂತ ಒಪ್ಪಾಕ ತಯಾರಿಲ್ಲ ಅಂದ್ಕೊಂಡೆ. ನಾನೂ ಆರಾಮ ಅದಾರ ಅಂತನ ಬರದೆ. ಏನ್ ಮಾಡ್ಲ್ರಿ?"

ಅಂಟಿನ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಒಂದು ಚಂಬು ನೀರು ತಂದು ನನ್ನ ಮುಂದೆ ಇಟ್ಟಳು. ಆ ನೀರನ್ನು ಕುಡಿಯಲು ನನಗೆ ಮುಖವಿರಲಿಲ್ಲ, ಆದರೂ ಕುಡಿದೆ.

ಜೈಲಿಗೆ ಮರಳಿ ಅಧೀಕ್ಷಕರಿಗೆ ಎಲ್ಲವನ್ನೂ ಹೇಳಿದೆ. ರಂಗೋಲಿಯ ವಿಷಯಕ್ಕೆ ನಕ್ಕವರೇ ಅವರು. ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಒಂದೂವರೆ ವರ್ಷದ ಮೇಲೆ ನಾನು ಅವನನ್ನು ಯಾವ ನಿಯಮದಲ್ಲಿ ಕಳಿಸಲಿ ಫಕ್ಕೀರಪ್ಪ? ಅವನ ಪಾಲಿಗೆ ತಾಯಿ ಬದುಕಿದ್ದಾಳೆ. ಬಿಡುಗಡೆಯಾಗುವವರೆಗೂ ಬದುಕಿರಲಿ ಬಿಡು. ನಿನ್ನ ನೌಕರಿಗೂ ಒಳ್ಳೆಯದು."

ಆ ಮಾತು ನನಗೆ ಹಿತವಾಗಿತ್ತು. ಖರೆ ಹೇಳುತ್ತೇನೆ, ಹನ್ನೆರಡು ದಿನ ನಾನು ಆ ಮಾತಿನ ನೆರಳಲ್ಲಿ ಮಲಗಿದೆ. ಮಧ್ಯಾಹ್ನದ ಜೊಂಪು ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಕಂಬ, ಕಂಬದ ಬುಡದಲ್ಲಿ ಬರೀ ನೆಲ. ಹದಿಮೂರನೆಯ ದಿನ ಶೇಖಪ್ಪನ ಕಾಗದ ಮೇಜಿಗೆ ಬಂತು. "ಅವ್ವಗ ಹೇಳು, ನಾ ಬರೂತನ ಜೀವ ಗಟ್ಟಿ ಹಿಡ್ಕೊಂಡಿರು ಅನ್ನು. ನಾ ಇನ್ನೇನ ಕೇಳೂದಿಲ್ಲ ಅನ್ನು." ಮುದ್ರೆಯನ್ನು ಮಸಿಗೆ ಒತ್ತಿ ಎತ್ತಿದ್ದೆ. ಕೈ ಕೆಳಗೆ ಬರಲಿಲ್ಲ.

ಅವನನ್ನು ಕರೆಸಿದೆ. ಹಳೆಯ ಕಾರ್ಡುಗಳ ಕಟ್ಟು ತರಲು ಹೇಳಿದೆ. ಎಲ್ಲವನ್ನೂ ದಾರ ಕಟ್ಟಿ ಇಟ್ಟುಕೊಂಡಿದ್ದ. ಆ ಒಂದು ಕಾರ್ಡನ್ನು ತೆಗೆದೆ.

"ಇದು ನೀವು ಚಂದ ಮಾಡಿ ಕೊಟ್ಟದ್ದಲ್ರಿ?" ಎಂದ.

ನಾನು ಬೆರಳು ಒದ್ದೆ ಮಾಡಿ ಮೂಲೆಯನ್ನು ನೆನೆಸಿದೆ. ಒಳ್ಳೆಯ ಅಂಟು, ಬೇಗ ಬಿಡಲಿಲ್ಲ. ಕೊನೆಗೆ ಮುಕ್ಕೋಣದ ತುಂಡು ಮೇಜಿನ ಮೇಲೆ ಬಿತ್ತು. ಹೊಂಬಳದವನಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಅವನು ಹರಿದ ಮೂಲೆಯನ್ನು ನೋಡಿದ, ತಾರೀಖು ನೋಡಿದ, ನಿಂತಲ್ಲೇ ನೆಲಕ್ಕೆ ಕೂತ.

"ನಾ ನಕ್ಕಿದ್ನೆಲ್ರಿ" ಎಂದ. "ಬಿಟ್ರ ಬರ್ರಿ ಅಂತ ಆಕಿ ಬರದ್ರ, ನಾ ನಕ್ಕಿದ್ನೆಲ್ರಿ ಸಾಹೇಬ್ರ."

"ತಪ್ಪು ನಂದು ಶೇಖಪ್ಪ. ಖಬರ ಬಂದ ತಾಸಿನಾಗ ಹೇಳ್ತೀನಿ ಅಂದಿದ್ದೆ. ಹೇಳಲಿಲ್ಲ. ಬಂದ ಖಬರನ ನಾನ ಮುಚ್ಚಿ ಕೊಟ್ಟೆ."

ಅವನು ಎದ್ದ. ನನ್ನ ಮುಖ ನೋಡಲಿಲ್ಲ. "ಇನ್ನ ಮ್ಯಾಲೆ ನೀವು ಮುಟ್ಟಿದ ಕಾಗದ ನನಗ ಬ್ಯಾಡ" ಎಂದ. ಅಷ್ಟು ವರ್ಷದಲ್ಲಿ ಅವನು 'ರಿ' ಹಚ್ಚದೆ ನನಗೆ ಆಡಿದ ಮಾತು ಅದೊಂದೇ.

ನನ್ನ ಕೈ ಮುಟ್ಟದೆ ಯಾವ ಕಾಗದವೂ ಒಳಗೆ ಹೋಗುವಂತಿರಲಿಲ್ಲ. ನನಗೆ ಬೇರೆ ಕೆಲಸ ಕೊಡಿ ಎಂದು ಸಾಹೇಬರನ್ನು ಕೇಳಿದೆ, ಆಗಲಿಲ್ಲ. ಹೀಗಾಗಿ ಅವನಿಗೆ ಕಾಗದವೇ ನಿಂತಿತು. ನೀಲವ್ವನ ಕಾರ್ಡುಗಳು ಬಂದಂತೆಲ್ಲ ಓದಿ, ಮುದ್ರೆ ಒತ್ತಿ, ಬ್ಯಾರಕ್ಕಿಗೆ ಒಯ್ಯುತ್ತಿದ್ದೆ. ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ತಂದು ಡ್ರಾದಲ್ಲಿ ಇಡುತ್ತಿದ್ದೆ. ಒಂದು ಕಾರ್ಡಿನಲ್ಲಿ ಅವಳು ಬರೆದಿದ್ದಳು: "ಬೈರಿ. ಆದ್ರ ಬರೀರಿ." ಅದನ್ನು ಮಾತ್ರ ಅವನಿಗೆ ಕೇಳುವಂತೆ ಬಾಯಿಂದ ಓದಿದೆ. ಅವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಐದು ತಿಂಗಳಲ್ಲಿ ಹನ್ನೊಂದು ಕಾರ್ಡು ಕೂಡಿದವು. ಆ ಐದು ತಿಂಗಳು ನಾನು ಏನನ್ನೂ ಅಂಟಿಸಲಿಲ್ಲ. ಹರಿದು ಬಂದದ್ದನ್ನು ಹರಿದಂತೆಯೇ ಕೊಟ್ಟೆ. ಬಟ್ಟಲಿನ ಅಂಟು ಒಣಗಿ ಬಿರುಕು ಬಿಟ್ಟಿತು.

ಒಂದು ಬೆಳಗ್ಗೆ ಕಿಟಕಿಯ ಹತ್ತಿರ ನೆರಳಾಯಿತು. ಶೇಖಪ್ಪ ನಿಂತಿದ್ದ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ. ಸರಳಿನೊಳಗಿನಿಂದ ಕೈ ಚಾಚಿ ಏಳು ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟ. ಏಳಕ್ಕೂ ಮೂಲೆ ಹರಿದಿತ್ತು.

"ಮಗ ಅಂದ ಮ್ಯಾಲೆ ನಾ ತಿಳಸಬೇಕಲ್ರಿ" ಎಂದ. "ಅಂಟ ಹಚ್ಚಬ್ಯಾಡ್ರಿ."

ಓದುವುದು ನನ್ನ ಕೆಲಸ. ಓದಿದೆ. ಎಲ್ಲದರಲ್ಲೂ ಒಂದೇ ಮಾತು: "ನಮ್ಮ ಅವ್ವ ಶಿವನ ಪಾದ ಸೇರಿದಳು. ತಿಳಿಸುವುದು ತಡವಾಯಿತು." ಮೊದಲನೆಯದು ನೀಲವ್ವನಿಗೆ. ಎರಡನೆಯದು ಲಕ್ಷ್ಮೇಶ್ವರದ ಅಕ್ಕನಿಗೆ. ಮೂರನೆಯದು ಮುಂಡರಗಿಯ ಸೋದರಮಾವನಿಗೆ. ಆಮೇಲೆ ಮೂವರು ದೂರದ ಬೀಗರಿಗೆ. ಅವರೆಲ್ಲರಿಗೂ ಅದು ಎರಡು ವರ್ಷ ಹಳೆಯ ಸುದ್ದಿ. ಒಂದೊಂದಕ್ಕೂ ಮುದ್ರೆ ಒತ್ತುತ್ತ ಬಂದೆ. ಏಳನೆಯ ಕಾರ್ಡಿನ ವಿಳಾಸ ಓದಿ ಕೈ ನಿಂತಿತು. "ಫಕ್ಕೀರಪ್ಪನವರಿಗೆ, ಟಪಾಲು ಕೋಣೆ" ಎಂದಿತ್ತು, ಕೆಳಗೆ ನಮ್ಮ ಜೈಲಿನದೇ ವಿಳಾಸ.

ತಲೆ ಎತ್ತಿದೆ.

"ನೀವೂ ಆಕೀನ ಬಲ್ಲವ್ರ ಅಲ್ರಿ" ಎಂದ ಶೇಖಪ್ಪ. "ನಿಮಗೂ ತಿಳಸಬೇಕಲ್ಲ."

ನನಗೆ ಅಳು ಬಂತು. ಸಮವಸ್ತ್ರದಲ್ಲಿ ಕೂತು ಕೈದಿಯ ಮುಂದೆ ಅತ್ತೆ. ಅವನು ಸರಳು ಹಿಡಿದು ನಾನು ಮುಗಿಸುವವರೆಗೆ ಕಾದ. ಆಮೇಲೆ, "ಡ್ರಾದಾಗಿನ್ವು ಕೊಡ್ರಿ" ಎಂದ. ಹನ್ನೊಂದು ಕಾರ್ಡುಗಳನ್ನು ಕೊಟ್ಟೆ. ಎಣಿಸದೆ ಅಂಗಿಯ ಒಳಗೆ ಇಟ್ಟುಕೊಂಡು ಹೋದ.

ಏಳನೆಯ ಕಾರ್ಡನ್ನು ನಾನು ಅಲ್ಲಿಯೇ ಇಟ್ಟುಕೊಳ್ಳಲಿಲ್ಲ. ಉಳಿದ ಆರರ ಜೊತೆ ಅದನ್ನೂ ಹೊರಗಿನ ಟಪಾಲು ಡಬ್ಬಿಗೆ ಹಾಕಿದೆ. ಮೂರನೆಯ ದಿನ ಅದು ಚೀಲದಲ್ಲಿ ನನ್ನ ಮೇಜಿಗೆ ಬಂತು. ಎಲ್ಲ ಕಾಗದಗಳಂತೆ ಅದನ್ನೂ ಓದಿದೆ.

ಶಿಕ್ಷೆ ಮುಗಿಸಿ ಶೇಖಪ್ಪ ಹೊರಗೆ ಹೋದ ವಾರದಲ್ಲಿ ನೀಲವ್ವನ ಒಂದು ಕಾರ್ಡು ಬಂತು, ನನ್ನ ಹೆಸರಿಗೆ. ಕಡಲೆಕಾಳಿನಂಥ ಅದೇ ಅಕ್ಷರ. "ಇವರು ಬಂದ್ರು. ಮನೀಗೆ ಬರಲಿಲ್ಲ, ಮೊದಲ ಹೊಲಕ್ಕ ಹ್ವಾದ್ರು. ಕುಣಿಗೆ ಮಣ್ಣ ಹಾಕಿ ಬಂದು ಉಂಡ್ರು."

ಶಿಲ್ಪಾ, ನಿನಗೆ ಇನ್ನು ಅಂಟಿನ ಬಟ್ಟಲು ಸಿಗಲಿಕ್ಕಿಲ್ಲ. ಪರದೆಯ ಮೇಲೆ ಮುಖಗಳು ಬರುತ್ತವೆ, ಹೋಗುತ್ತವೆ. ಆದರೂ ಬೇರೆಯವರ ಸುದ್ದಿ ನಿನ್ನ ಕೈ ಹಾಯ್ದೇ ಹೋಗಬೇಕು. ಹೋಗುವಾಗ ಅದನ್ನು ಚಂದ ಮಾಡಲು ಹೋಗಬೇಡ ತಾಯಿ.

ಏಳನೆಯ ಕಾರ್ಡು ಈಗಲೂ ನನ್ನ ಹತ್ತಿರ ಇದೆ. ಇಂಥ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಹರಿದು ಹಾಕ್ರಿ ಎಂದು ನನ್ನ ಹೆಂಡತಿ ವರ್ಷಕ್ಕೊಮ್ಮೆ ಜಗಳ ತೆಗೆಯುತ್ತಾಳೆ. ನಾನು ಕೇಳುವುದಿಲ್ಲ. ನಮ್ಮ ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದೇನೆ. ಅದಕ್ಕೆ ಅಂಟು ಹಚ್ಚಿಲ್ಲ.